ನಾಲ್ಕು ಗಂಟೆಯ ಬಾಡಿಗೆ ಕಾರ್ಟ್ ರೇಸ್: ಚೀಟಿಯಲ್ಲಿ ಕೆಟ್ಟ ಕಾರ್ಟ್ ಬಂದರೆ ನೀವು ಏನು ಮಾಡುತ್ತೀರಿ?

ಹೊರಸುತ್ತು · ಸೋಮವಾರ ರಾತ್ರಿ 9:40

ನಿನ್ನೆ ನಾವು ನಾಲ್ವರು ಗೆಳೆಯರು ಬೆಂಗಳೂರಿನ ಹೊರವಲಯದ ಟ್ರ್ಯಾಕ್ ಒಂದರಲ್ಲಿ ನಾಲ್ಕು ಗಂಟೆಗಳ ಬಾಡಿಗೆ ಕಾರ್ಟ್ ರೇಸ್‌ಗೆ ಇಳಿದಿದ್ದೆವು. ಇವತ್ತು ಕಚೇರಿಯಲ್ಲಿ ಕಾಫಿ ಲೋಟ ಎತ್ತಲು ಎರಡು ಕೈ ಬೇಕಾಯಿತು. ಎಡ ಪಕ್ಕೆಯ ಮೇಲೆ ಬದನೆಕಾಯಿ ಬಣ್ಣದ ಕಲೆ ಇದೆ. ಅದಕ್ಕೆ ಬೇಸರವಿಲ್ಲ. ಬೇಸರವಿರುವುದು ಫಲಿತಾಂಶಕ್ಕೆ. 16 ತಂಡಗಳಲ್ಲಿ ನಾವು ಒಂಬತ್ತನೆಯವರು.

ಈ ಆಟ ಗೊತ್ತಿಲ್ಲದವರಿಗಾಗಿ ನಮ್ಮ ರೇಸ್‌ನ ನಿಯಮಗಳನ್ನು ಹೇಳುತ್ತೇನೆ. ಕಾರ್ಟ್ ಎಂದರೆ ಒಬ್ಬರೇ ಕೂತು ಓಡಿಸುವ, ನೆಲಕ್ಕೆ ಹತ್ತಿರದ ಪುಟ್ಟ ರೇಸ್ ಗಾಡಿ. ಅದು ನಮ್ಮದಲ್ಲ, ಟ್ರ್ಯಾಕ್‌ನವರದು. ವಾರವಿಡೀ ಕಾಲೇಜು ಹುಡುಗರು ಹತ್ತು ನಿಮಿಷಕ್ಕೆ ಬಾಡಿಗೆ ಕೊಟ್ಟು ಓಡಿಸುವ ಅದೇ ಕಾರ್ಟ್‌ಗಳು. ಯಾವುದು ಯಾರಿಗೆ ಎಂಬುದನ್ನು ಬೆಳಿಗ್ಗೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಾಲ್ಕು ಗಂಟೆಯಲ್ಲಿ ಕಡ್ಡಾಯವಾಗಿ ಏಳು ಬಾರಿ ಟ್ರ್ಯಾಕ್ ಪಕ್ಕದ ನಿಲುಗಡೆ ಜಾಗವಾದ ಪಿಟ್‌ಗೆ ಬಂದು ಚಾಲಕನನ್ನೂ ಕಾರ್ಟನ್ನೂ ಬದಲಿಸಬೇಕು. ಪ್ರತಿ ಸಲ ಸಾಲಿನಲ್ಲಿ ಮುಂದೆ ನಿಂತಿರುವ ಕಾರ್ಟ್ ಯಾವುದೋ ಅದನ್ನೇ ತೆಗೆದುಕೊಳ್ಳಬೇಕು. ಪಿಟ್‌ನ ಒಳಗೆರೆಯಿಂದ ಹೊರಗೆರೆಗೆ ಕನಿಷ್ಠ ಎರಡೂವರೆ ನಿಮಿಷ ಕಳೆಯಲೇಬೇಕು, ಒಂದು ಸೆಕೆಂಡ್ ಮೊದಲು ದಾಟಿದರೂ ಒಂದು ಸುತ್ತು ದಂಡ. ಮೊದಲ ಹತ್ತು ನಿಮಿಷ ಮತ್ತು ಕೊನೆಯ ಹದಿನೈದು ನಿಮಿಷ ಪಿಟ್ ಮುಚ್ಚಿರುತ್ತದೆ. ಹೆಲ್ಮೆಟ್, ಬೂಟು ಸೇರಿ ಚಾಲಕನ ತೂಕ ಕನಿಷ್ಠ 75 ಕಿಲೋ. ಕಡಿಮೆ ಇದ್ದರೆ ಸೀಸದ ತೂಕ ಇಟ್ಟುಕೊಳ್ಳಬೇಕು.

ನಮಗೆ ಚೀಟಿಯಲ್ಲಿ ಬಂದದ್ದು 14ನೇ ನಂಬರಿನ ಕಾರ್ಟ್. ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ ಅದನ್ನು ಓಡಿಸಿದವನು ನಾನು. ಉಳಿದವರೆಲ್ಲ 62, 63 ಸೆಕೆಂಡ್‌ಗಳಲ್ಲಿ ಸುತ್ತು ಮುಗಿಸುತ್ತಿದ್ದರೆ ನನ್ನದು 64.5. ನೇರ ದಾರಿಯಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದರು, ಹೈವೇಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದಂತೆ ಅನಿಸಿತು. 15ನೇ ಸ್ಥಾನದಿಂದ ಹೊರಟೆವು. ಆಮೇಲೆ ಒಳ್ಳೆಯ ಕಾರ್ಟ್‌ಗಳು ಸಿಕ್ಕಿದವು, ಮೂರನೇ ಸ್ಥಾನದವರೆಗೂ ಏರಿದೆವು. ಆದರೂ ಕೊನೆಗೆ ಒಂಬತ್ತು.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ಕೊಟ್ಟು, ರಜೆ ಹಾಕಿ, ಮೂರು ತಿಂಗಳು ಅಭ್ಯಾಸ ಮಾಡಿ ಬಂದವರ ಹಣೆಬರಹವನ್ನು ಒಂದು ಚೀಟಿ ಬರೆಯುವುದು ನ್ಯಾಯವೇ?

ಗ್ರೀಸ್ ಕೈ · ಸೋಮವಾರ ರಾತ್ರಿ 10:15

ನಾನು ಆರು ವರ್ಷ ಬಾಡಿಗೆ ಕಾರ್ಟ್‌ಗಳ ಮೆಕ್ಯಾನಿಕ್ ಆಗಿದ್ದವನು. ನೀವು ಹೋದ ಟ್ರ್ಯಾಕ್‌ನಲ್ಲಿ ಅಲ್ಲ, ಬೇರೆ ಕಡೆ.

ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಕಾರ್ಟ್‌ಗಳು ಮೂರು ತಿಂಗಳಲ್ಲಿ ಅಣ್ಣತಮ್ಮಂದಿರಷ್ಟು ಬೇರೆಯಾಗುತ್ತವೆ. ಇಂಜಿನ್‌ನದು ದೊಡ್ಡ ರಹಸ್ಯವಲ್ಲ. ಬಾಡಿಗೆ ಕಾರ್ಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹೋಂಡಾ ಜಿಎಕ್ಸ್ ಸರಣಿಯ ನಾಲ್ಕು ಸ್ಟ್ರೋಕ್ ಇಂಜಿನ್‌ಗಳು. 200, 270, 390 ಎಂದು ಸಿಸಿ ಲೆಕ್ಕದಲ್ಲಿ ಕರೆಯುತ್ತಾರೆ. ಹೊಲದಲ್ಲಿ ನೀರೆತ್ತುವ ಪಂಪಿಗೂ ಮದುವೆ ಮನೆಯ ಜನರೇಟರ್‌ಗೂ ಇದೇ ಜಾತಿಯ ಇಂಜಿನ್. 270ರದ್ದು ಒಂಬತ್ತು ಅಶ್ವಶಕ್ತಿಯ ಆಸುಪಾಸು. ಇಷ್ಟು ಕಡಿಮೆ ಶಕ್ತಿ ಇರುವಾಗ ಸಣ್ಣದೆಲ್ಲವೂ ದೊಡ್ಡದಾಗಿ ಕಾಣುತ್ತದೆ. ಚೈನ್ ಬಿಗಿಯಾಗಿದ್ದರೆ, ಬ್ರೇಕ್ ಪ್ಯಾಡ್ ತುಸು ಉಜ್ಜುತ್ತಿದ್ದರೆ, ಟೈರಿನ ಗಾಳಿ ಏರುಪೇರಾದರೆ, ಯಾರೋ ಹಿಂದಿನ ದಿನ ತಡೆಗೋಡೆಗೆ ಗುದ್ದಿ ಚಕ್ರಗಳ ಅಚ್ಚು ಎಳ್ಳಷ್ಟು ಬಾಗಿದ್ದರೆ, ಆ ಕಾರ್ಟ್ ಅರ್ಧ ಸೆಕೆಂಡ್ ನಿಧಾನ.

ಇನ್ನೊಂದು ಕಾರಣವನ್ನು ಚಾಲಕರು ಒಪ್ಪುವುದಿಲ್ಲ. ಎಡಗಾಲು ಬ್ರೇಕ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ, ಎರಡನ್ನೂ ಒಟ್ಟಿಗೆ ಒತ್ತುವವರು ಬಹಳ. ಕ್ಲಚ್ ತನ್ನಷ್ಟಕ್ಕೆ ಕಚ್ಚಿಕೊಳ್ಳುವ ಬಗೆಯದು. ಇಂಜಿನ್ ವೇಗ ಏರಿದಾಗ ಒಳಗಿನ ತುಂಡುಗಳು ಹೊರಕ್ಕೆ ಸರಿದು ಹಿಡಿಯುತ್ತವೆ. ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಅದು ಜಾರುತ್ತಾ ಸುಡುತ್ತದೆ. ಸುಟ್ಟ ಕ್ಲಚ್ ಇರುವ ಕಾರ್ಟ್ ತಿರುವಿನಿಂದ ಹೊರಬರುವಾಗ ಆಕಳಿಸುತ್ತದೆ. ಅದನ್ನು ಆ ಸ್ಥಿತಿಗೆ ತಂದವನು ಇಳಿದು ಹೋಗಿರುತ್ತಾನೆ, ಬೈಗುಳ ಮುಂದೆ ಕುಳಿತವನ ಬಾಯಿಂದ ಕಾರ್ಟ್‌ಗೆ.

ಒಂದು ವಿಷಯ ಕೇಳಬೇಕು. 14ನ್ನು ಎಷ್ಟು ಹೊತ್ತು ಓಡಿಸಿ ಬಿಟ್ಟಿರಿ?

ಹೊರಸುತ್ತು · ಸೋಮವಾರ ರಾತ್ರಿ 10:22

ರೇಸ್‌ನಲ್ಲಿ ಹನ್ನೆರಡು ನಿಮಿಷ. ಪಿಟ್ ತೆರೆದ ಕೂಡಲೇ ಗೆಳೆಯನನ್ನು ಒಳಗೆ ಕರೆದೆ. ಅಷ್ಟು ಬೇಗ ಬಿಟ್ಟದ್ದು ಸರಿಯಾದ ನಿರ್ಧಾರ ಎಂದೇ ಈಗಲೂ ನನ್ನ ನಂಬಿಕೆ.

ಉಣಕಲ್ ಕೆರೆ · ಸೋಮವಾರ ರಾತ್ರಿ 11:05

ಹುಬ್ಬಳ್ಳಿಯಿಂದ ಓದುತ್ತಿದ್ದೇನೆ, ಜೀವನದಲ್ಲಿ ಒಮ್ಮೆಯೂ ಕಾರ್ಟ್‌ನಲ್ಲಿ ಕುಳಿತವನಲ್ಲ. ಬಾಡಿಗೆ ಗಾಡಿ, ಚೀಟಿ ಎತ್ತಿ ಹಂಚುವುದು, ಜನರೇಟರ್ ಇಂಜಿನ್, ನಲವತ್ತು ದಾಟಿದ ಗಂಡಸರು ನಾಲ್ಕು ಗಂಟೆ ಒಂದೇ ಜಾಗದಲ್ಲಿ ಸುತ್ತುವುದು. ಗಾಣದ ಎತ್ತಿಗೂ ಇದಕ್ಕೂ ಏನು ವ್ಯತ್ಯಾಸ? ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ.

ತಮಾಷೆಗೆ ಹೇಳಿದೆ, ಸಿಟ್ಟಾಗಬೇಡಿ. ಆದರೆ ಇದನ್ನು ಕ್ರೀಡೆ ಎನ್ನುತ್ತೀರಾ?

ಶಾರ್ಜಾದಿಂದ · ಮಂಗಳವಾರ ಬೆಳಿಗ್ಗೆ 6:50

ಕ್ರೀಡೆಯೋ ಅಲ್ಲವೋ ಎಂಬುದನ್ನು ಬೆಳಗಿನ ಜಾವ ಮೂರು ಗಂಟೆಗೆ ಕೇಳಿ ನೋಡಿ.

ನಾನು ಮೂಲತಃ ಕುಂದಾಪುರದವನು. ಇಲ್ಲಿಗೆ ಬಂದು ಹನ್ನೊಂದು ವರ್ಷ. ದುಬೈ ಮೋಟರ್ ಸಿಟಿಯಲ್ಲಿ ಆಟೋಡ್ರೋಮ್‌ಗೆ ಸೇರಿದಂತೆ ಕಾರ್ಟ್‌ಡ್ರೋಮ್ ಇದೆ. ಹೊರಾಂಗಣ ಟ್ರ್ಯಾಕ್ 1.2 ಕಿಲೋಮೀಟರ್, 17 ತಿರುವು, ನಡುವೆ ಒಂದು ಸೇತುವೆ, ಅದರಡಿಯ ಸುರಂಗ. 390 ಸಿಸಿಯ ಬಾಡಿಗೆ ಕಾರ್ಟ್‌ಗಳು. ಅಲ್ಲಿ 24 ಗಂಟೆಯ ರೇಸ್ ನಡೆಸುತ್ತಾರೆ. ನಮ್ಮ ಕಚೇರಿಯ ತಂಡದಲ್ಲಿ ಒಬ್ಬ ಕೇರಳದವನು, ಇಬ್ಬರು ಫಿಲಿಪ್ಪೀನ್ಸ್‌ನವರು, ಒಬ್ಬ ಲೆಬನಾನ್‌ನವನು, ಕೊನೆಗೆ ನಾನು. ಒಬ್ಬರ ಮಾತು ಇನ್ನೊಬ್ಬರಿಗೆ ಹೆಲ್ಮೆಟ್ ಒಳಗಿಂದ ಅರ್ಥವಾಗುವುದಿಲ್ಲ, ಎಲ್ಲವೂ ಕೈಸನ್ನೆ.

ಮೊದಲ ಆರು ಗಂಟೆ ಎಲ್ಲರೂ ವೀರರು. ಆಮೇಲೆ ಮುಂಗೈ ಕಲ್ಲಾಗುತ್ತದೆ. ಬಾಡಿಗೆ ಕಾರ್ಟ್‌ಗೆ ಪವರ್ ಸ್ಟಿಯರಿಂಗ್ ಇಲ್ಲ, ಸಸ್ಪೆನ್ಷನ್ ಇಲ್ಲ, ರಸ್ತೆಯ ಪ್ರತಿ ಏರಿಳಿತ ಸೀಟಿನ ಅಂಚಿನಿಂದ ನೇರವಾಗಿ ಪಕ್ಕೆಲುಬಿಗೆ ಬರುತ್ತದೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ನಾನು ಓಡಿಸಿದ ಸುತ್ತುಗಳ ನೆನಪೇ ಇಲ್ಲ. ನೆನಪಿರುವುದು ಎರಡೇ: ದೀಪದ ಕಂಬಗಳು, ಹಿಂದಿನವನ ಇಂಜಿನ್ ಸದ್ದು. ಸರದಿ ಮುಗಿಸಿ ಇಳಿದಾಗ ಕೈಬೆರಳು ಬಿಡಿಸಲು ಬರುತ್ತಿರಲಿಲ್ಲ. ಮನೆಯವಳು ಕಳಿಸಿದ್ದ ಮೊಸರನ್ನವನ್ನು ಲೆಬನಾನ್ ಗೆಳೆಯ ಚಮಚದಲ್ಲಿ ತಿನ್ನಿಸಿದ. ಇಂಥ ಮೊಸರನ್ನ ಆಮೇಲೆ ನಾನು ಎಲ್ಲಿಯೂ ತಿಂದಿಲ್ಲ.

ಹೊರಸುತ್ತು ಅವರ ಪ್ರಶ್ನೆಗೆ ಬರುತ್ತೇನೆ. ರೇಸ್ ಉದ್ದವಾದಷ್ಟೂ ಚೀಟಿಯ ಶಕ್ತಿ ಕುಂದುತ್ತದೆ. 24 ಗಂಟೆಯಲ್ಲಿ ಒಳ್ಳೆಯದು, ಕೆಟ್ಟದ್ದು ಎಲ್ಲವೂ ಎಲ್ಲರ ಕೈಗೂ ಬರುತ್ತವೆ. ನಾಲ್ಕು ಗಂಟೆ ಅಷ್ಟು ಸಾಲದು, ನಿಜ. ಆದರೂ ಎಂಟು ಸರದಿಗಳಲ್ಲಿ ಎಂಟು ಕಾರ್ಟ್ ಸಿಗುತ್ತದೆ. ಎಂಟರಲ್ಲಿ ಒಂದು ಕೆಟ್ಟದ್ದು ಬಂದರೆ ಮೂರರಿಂದ ಒಂಬತ್ತಕ್ಕೆ ಬೀಳುವುದಿಲ್ಲ. ಬೇರೆ ಏನೋ ಆಗಿರಬೇಕು.

ಸೀಸದ ಗಂಟು · ಮಂಗಳವಾರ ಬೆಳಿಗ್ಗೆ 9:12

ನಾನೂ ಮೊನ್ನೆಯ ಆ ರೇಸ್‌ನಲ್ಲಿದ್ದೆ, ಬೇರೆ ತಂಡ. ನನ್ನ ತೂಕ 49 ಕಿಲೋ. ಹೆಲ್ಮೆಟ್, ಬೂಟು, ಪಕ್ಕೆಯ ಕವಚ ಸೇರಿ 53. ಉಳಿದ 22 ಕಿಲೋ ಸೀಸ. ಅದನ್ನು ಎರಡೂವರೆ ನಿಮಿಷದೊಳಗೆ ಹಳೆಯ ಕಾರ್ಟ್‌ನಿಂದ ಬಿಚ್ಚಿ ಹೊಸ ಕಾರ್ಟ್‌ಗೆ ಸೇರಿಸಬೇಕು. "ಹಗುರ ಇರುವವರಿಗೆ ಲಾಭ" ಎನ್ನುವ ಗಂಡಸರು ಒಮ್ಮೆ ಆ ಕೆಲಸ ಮಾಡಿ ನೋಡಲಿ. ಮನುಷ್ಯನ ತೂಕ ತಿರುವಿನಲ್ಲಿ ವಾಲುತ್ತದೆ, ಬೇಕಾದ ಕಡೆ ಒರಗುತ್ತದೆ. ಸೀಸ ಹಾಗೆ ಒರಗುವುದಿಲ್ಲ, ಇಟ್ಟ ಕಡೆ ಕಲ್ಲಿನಂತೆ ಕುಳಿತಿರುತ್ತದೆ.

ಹೊರಸುತ್ತು ಅವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳಿಬಿಡುತ್ತೇನೆ. ನೀವು ಬಿಟ್ಟ ಆ 14, ಎರಡನೇ ಗಂಟೆಯ ಕೊನೆಗೆ ನನ್ನ ಪಾಲಿಗೆ ಬಂತು. ನನ್ನ ಅತಿ ವೇಗದ ಸುತ್ತು 62.1, ಅದೇ ಕಾರ್ಟ್‌ನಲ್ಲಿ. ಸುತ್ತಿನ ಸಮಯದ ಪಟ್ಟಿ ಎಲ್ಲ ತಂಡಗಳಿಗೂ ಬಂದಿದೆಯಲ್ಲ, ನೋಡಿಕೊಳ್ಳಿ.

ಹೊರಸುತ್ತು · ಮಂಗಳವಾರ ಬೆಳಿಗ್ಗೆ 9:30

ನಂಬಲು ಕಷ್ಟ, ಮೇಡಂ. ನಡುವೆ ಅದನ್ನು ರಿಪೇರಿ ಮಾಡಿರಬೇಕು.

ಗ್ರೀಸ್ ಕೈ · ಮಂಗಳವಾರ ಮಧ್ಯಾಹ್ನ 1:20

ಮಾಡಿರಲೂಬಹುದು. ಪಿಟ್ ಹುಡುಗರು ವಾಪಸು ಬಂದ ಕಾರ್ಟ್‌ಗೆ ಗಾಳಿ ನೋಡುತ್ತಾರೆ, ಚೈನ್ ಮುಟ್ಟಿ ನೋಡುತ್ತಾರೆ. ಆದರೆ ರಿಪೇರಿ ಇಲ್ಲದೆಯೂ ಇದು ಸಾಧ್ಯ.

ಬಾಡಿಗೆ ಕಾರ್ಟ್‌ನ ಟೈರ್ ಗಟ್ಟಿ ರಬ್ಬರಿನದು, ತಿಂಗಳುಗಟ್ಟಲೆ ಬಾಳಬೇಕಲ್ಲ. ಅದು ಬಿಸಿಯೇರಲು ಸಮಯ ಬೇಕು. ಈ ಚಳಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಟ್ರ್ಯಾಕ್ ನೆಲವೂ ತಣ್ಣಗೆ, ಟೈರೂ ತಣ್ಣಗೆ. ಹನ್ನೊಂದರ ಬಿಸಿಲಿನಲ್ಲಿ ಅದೇ ಕಾರ್ಟ್ ಬೇರೆ ಪ್ರಾಣಿ. ಎಲ್ಲರಿಗೂ ಅದೇ ಚಳಿಯಲ್ಲವೇ ಎನ್ನುತ್ತೀರಿ. ಹೌದು, ಆದರೆ ಕೆಲವು ಕಾರ್ಟ್‌ಗಳಲ್ಲಿ ಟೈರ್ ಹೊಸದು, ಕೆಲವದರಲ್ಲಿ ಹಳೆಯದು, ಚಳಿ ಎಲ್ಲಕ್ಕೂ ಒಂದೇ ರೀತಿ ತಟ್ಟುವುದಿಲ್ಲ.

ಇನ್ನು ಓಡಿಸುವ ವಿಧಾನ. ಕಾರ್ಟ್‌ಗೆ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿವೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಸಾಗಬೇಕು, ಒಳಚಕ್ರ ಕಡಿಮೆ. ಎರಡೂ ಒಟ್ಟಿಗೆ ತಿರುಗಿದರೆ ಕಾರ್ಟ್ ನೆಟ್ಟಗೆ ಹೋಗಲು ಹಟ ಹಿಡಿಯುತ್ತದೆ. ಹಾಗಾಗದಿರಲಿ ಎಂದು ಸ್ಟಿಯರಿಂಗ್ ತಿರುಗಿಸಿದಾಗ ಒಳಗಿನ ಹಿಂಚಕ್ರದ ಭಾರ ಇಳಿದು ಅದು ನೆಲದಿಂದ ತುಸು ಏಳುವಂತೆ ಮುಂಭಾಗವನ್ನು ಮಾಡಿರುತ್ತಾರೆ. ಚಕ್ರ ಏಳಬೇಕಾದರೆ ತಿರುವಿನ ಮೊದಲೇ ಬ್ರೇಕ್ ಮುಗಿಸಿ, ಸ್ಟಿಯರಿಂಗನ್ನು ಒಮ್ಮೆ ಗಟ್ಟಿಯಾಗಿ ತಿರುಗಿಸಿ, ಆಮೇಲೆ ಕೈ ಸಡಿಲಿಸಬೇಕು. ತಿರುವಿನ ಉದ್ದಕ್ಕೂ ಸ್ಟಿಯರಿಂಗ್ ಹಿಡಿದು ಎಳೆಯುತ್ತಿದ್ದರೆ ಮುಂಚಕ್ರಗಳೇ ಬ್ರೇಕ್ ಆಗುತ್ತವೆ. ಒಂಬತ್ತು ಅಶ್ವಶಕ್ತಿಯಲ್ಲಿ ಹಾಗೆ ಕಳೆದ ವೇಗವನ್ನು ಮರಳಿ ಪಡೆಯಲು ಇಡೀ ನೇರ ದಾರಿ ಬೇಕು. "ನೇರ ದಾರಿಯಲ್ಲಿ ಎಲ್ಲರೂ ದಾಟಿ ಹೋದರು, ಇಂಜಿನ್ ಸತ್ತಿದೆ" ಎಂದು ನನ್ನ ಬಳಿ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅದಕ್ಕೆ ಹಿಂದಿನ ತಿರುವನ್ನು ಕೆಡಿಸಿಕೊಂಡವರು.

ನಿಮ್ಮ ತೂಕ ಎಷ್ಟು, ಕೇಳಬಹುದೇ?

ಹೊರಸುತ್ತು · ಮಂಗಳವಾರ ಮಧ್ಯಾಹ್ನ 1:45

92. ಬೂಟು, ಹೆಲ್ಮೆಟ್ ಸೇರಿ 96.

ಗ್ರೀಸ್ ಕೈ · ಮಂಗಳವಾರ ಮಧ್ಯಾಹ್ನ 1:47

ಸರಿ ಸರ್. 14 ನಿರಪರಾಧಿ.

ಬಲಹಲ್ಲು · ಮಂಗಳವಾರ ಸಂಜೆ 7:30

ಈ ಚರ್ಚೆಗೆಂದೇ ಇವತ್ತು ಇಲ್ಲಿ ಖಾತೆ ತೆರೆದೆ. ಹೊರಸುತ್ತು ನನ್ನ ಮೂವತ್ತು ವರ್ಷದ ಗೆಳೆಯ, ಅವನ ತಂಡದಲ್ಲಿ ಮೊದಲ ಸರದಿ ಓಡಿಸಿದ ದಂತವೈದ್ಯ ನಾನೇ. ಅವನು ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ.

ಮಾರಾಯ, ನಾವು ಒಂಬತ್ತನೆಯವರಾದದ್ದು ಚೀಟಿಯಿಂದಲ್ಲ, ನಿನ್ನ ಮೊಬೈಲ್‌ನ ಗಡಿಯಾರದಿಂದ ಎಂದು ಹೇಳಿಬಿಡು.

ನಡೆದದ್ದು ಹೀಗೆ. ಕಾರ್ಟ್‌ಗಳು ಪಿಟ್ ಬಿಟ್ಟು, ರೇಸ್ ಹೊರಡುವ ಸಾಲಾದ ಗ್ರಿಡ್ ಕಡೆ ಹೊರಟ ಕ್ಷಣದಲ್ಲಿ ಇವನು ಗಡಿಯಾರ ಒತ್ತಿದ್ದಾನೆ. ನಾವು ಸಾಲಾಗಿ ನಿಂತು, ರೇಸ್ ನೋಡಿಕೊಳ್ಳುವ ಮಾರ್ಷಲ್ ಬಂದು ನಂಬರ್ ನೋಡಿ, ಹಸಿರು ಬಾವುಟ ಬೀಸುವಷ್ಟರಲ್ಲಿ ಮೂರು ನಿಮಿಷ. ರೇಸ್ ಸಮಯ ಶುರುವಾಗುವುದು ಹಸಿರು ಬಾವುಟದಿಂದ. 14ರ ಮೇಲಿನ ಸಿಟ್ಟಿನಲ್ಲಿ ಇವನಿಗೆ ಆ ಮೂರು ನಿಮಿಷ ಕಾಣಲಿಲ್ಲ. ಇವನ ಗಡಿಯಾರದಲ್ಲಿ ಹನ್ನೆರಡು ಆದಾಗ ರೇಸ್ ಗಡಿಯಾರದಲ್ಲಿ ಒಂಬತ್ತು. ಪಿಟ್ ಇನ್ನೂ ಮುಚ್ಚಿತ್ತು. ಇವನು ಗೋಡೆಯ ಮೇಲಿಂದ ಒಳಗೆ ಬಾ ಎಂಬ ಹಲಗೆ ತೋರಿಸಿದ, ನಾನು ಒಳಗೆ ಬಂದೆ. ಆ ನಿಲುಗಡೆ ಲೆಕ್ಕಕ್ಕೆ ಬರಲಿಲ್ಲ. ಏಳು ಎಂದು ನಾವು ಎಣಿಸಿದ್ದು ಅವರ ಪಟ್ಟಿಯಲ್ಲಿ ಆರು. ಕಡಿಮೆಯಾದ ಒಂದಕ್ಕೆ ಐದು ಸುತ್ತು ದಂಡ.

ಮೂರನೇ ಸ್ಥಾನದಲ್ಲಿ ಗೆರೆ ದಾಟಿ, ಹೆಲ್ಮೆಟ್ ತೆಗೆದು, ಒಬ್ಬರನ್ನೊಬ್ಬರು ತಬ್ಬಿಕೊಂಡು, ಫೋಟೋ ತೆಗೆಸಿಕೊಂಡು, ಇವನು ಹೆಂಡತಿಗೆ ಫೋನ್ ಮಾಡಿ ಕಪ್ ಬರುತ್ತಿದೆ ಎಂದು ಹೇಳಿದ ಮೇಲೆ ಪಟ್ಟಿ ಅಂಟಿಸಿದರು.

ಉಣಕಲ್ ಕೆರೆ · ಮಂಗಳವಾರ ಸಂಜೆ 7:41

ಫೋನ್ ಮಾಡಿದ್ದನ್ನು ಬರೆಯಬಾರದಿತ್ತು ಡಾಕ್ಟರೇ. ಗೆಳೆಯನ ಮೇಲೆ ಸ್ವಲ್ಪವಾದರೂ ಕರುಣೆ ಇರಲಿ.

ಸೀಸದ ಗಂಟು · ಮಂಗಳವಾರ ಸಂಜೆ 7:58

ಪಿಟ್ ದ್ವಾರದಲ್ಲಿ ಕೆಂಪು ದೀಪ ಇತ್ತಲ್ಲ? ನೀವು ಒಳಗೆ ಹೋದಾಗ ಮಾರ್ಷಲ್ ಎರಡು ಕೈ ಎತ್ತಿ ಬೀಸುತ್ತಿದ್ದದ್ದನ್ನು ನಾನು ಗೋಡೆಯ ಬಳಿ ನಿಂತು ನೋಡಿದ್ದೆ.

ಬಲಹಲ್ಲು · ಮಂಗಳವಾರ ರಾತ್ರಿ 8:10

ಕೆಂಪು ದೀಪ ಕಂಡಿತು. ಪಿಟ್ ಒಳಗೆ ನಿಧಾನ ಹೋಗಬೇಕು ಎಂಬ ಸೂಚನೆ ಎಂದುಕೊಂಡೆ. ಮಾರ್ಷಲ್ ಕೈ ಬೀಸಿದಾಗ ನಾನೂ ಬೀಸಿದೆ.

ಹೊರಸುತ್ತು · ಮಂಗಳವಾರ ರಾತ್ರಿ 10:50

ಒಪ್ಪಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಬರೆಯುವಾಗಲೇ ಈ ವಿಷಯ ಗೊತ್ತಿತ್ತು, ಬೇಕೆಂದೇ ಬಿಟ್ಟೆ. ಮೂವರು ಗೆಳೆಯರು ಭಾನುವಾರ ವಾಪಸು ಬರುವಾಗ ಕಾರಿನಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೀಟಿಯನ್ನು ಹಿಡಿದುಕೊಂಡು ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

ಇವತ್ತು ಸಂಜೆ ಕುಳಿತು ಸುತ್ತಿನ ಸಮಯದ ಪಟ್ಟಿಯನ್ನು ಪೂರ್ತಿ ಓದಿದೆ. ಕಾರ್ಟ್‌ನಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಸಂಕೇತ ಕಳಿಸುವ ಪುಟ್ಟ ಸಾಧನ ಗೆರೆ ದಾಟಿದ ಪ್ರತಿ ಸಲವೂ ಸೆಕೆಂಡಿನ ಸಾವಿರದ ಒಂದಂಶದವರೆಗೆ ದಾಖಲಾಗಿರುತ್ತದೆ, ಪಿಟ್‌ಗೆ ಬಂದದ್ದು ಹೋದದ್ದು ಕೂಡ. ದಂಡದ ಐದು ಸುತ್ತು ಬಿಡಿ, ಅದು ನನ್ನ ತಲೆಗೆ ಕಟ್ಟಿದ್ದು. ಅದನ್ನು ಬಿಟ್ಟರೂ ಪಟ್ಟಿಯಲ್ಲಿ ನನಗೆ ಗೊತ್ತಿರದ ಇನ್ನೊಂದು ಸಂಗತಿ ಇತ್ತು.

240 ನಿಮಿಷದ ರೇಸ್. ಏಳು ನಿಲುಗಡೆಗೆ ಎರಡೂವರೆ ನಿಮಿಷದಂತೆ 17.5 ನಿಮಿಷ ಪಿಟ್‌ನಲ್ಲಿ. ಉಳಿದದ್ದು 222.5 ನಿಮಿಷ. 62 ಸೆಕೆಂಡಿಗೆ ಒಂದು ಸುತ್ತು ಎಂದರೆ 215 ಸುತ್ತು. ನಮ್ಮ ನಾಲ್ವರೂ ಸುತ್ತಿಗೆ 0.2 ಸೆಕೆಂಡ್ ವೇಗ ಹೆಚ್ಚಿಸಿಕೊಂಡರೆ ಇಡೀ ದಿನದಲ್ಲಿ ಉಳಿಯುವುದು 43 ಸೆಕೆಂಡ್. ಆ 0.2ಕ್ಕಾಗಿ ನಾವು ಮೂರು ತಿಂಗಳು ಪ್ರತಿ ಶನಿವಾರ ಅಭ್ಯಾಸ ಮಾಡಿದೆವು, ನಾನು ಅನ್ನ ಬಿಟ್ಟು ರಾಗಿಮುದ್ದೆಗೆ ಬಂದೆ.

ಈಗ ಪಿಟ್. ಎರಡೂವರೆ ನಿಮಿಷಕ್ಕಿಂತ ಮೊದಲು ಹೋದರೆ ದಂಡವೆಂದು ಹೆದರಿ ನಾವು ಪ್ರತಿ ಸಲ ತಡವಾಗಿ ಹೊರಟಿದ್ದೇವೆ. ಐದು ಸೆಕೆಂಡ್, ಒಂಬತ್ತು ಸೆಕೆಂಡ್, ಒಮ್ಮೆ ಹದಿಮೂರು. ಏಳೂ ಸೇರಿ 49 ಸೆಕೆಂಡ್. ಗೆದ್ದ ತಂಡದ್ದು ಏಳೂ ಸೇರಿ ಒಂಬತ್ತು ಸೆಕೆಂಡ್. ಅವರ ಕಡೆ ಒಬ್ಬ ಹುಡುಗ ಹೊರಗೆರೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಬೆರಳು ಮಡಿಸುತ್ತಾ ಎಣಿಸುತ್ತಿದ್ದ. ಅವನು ಒಂದು ಸುತ್ತೂ ಓಡಿಸಲಿಲ್ಲ. ಅವನನ್ನು ನೋಡಿ ನಾವು ನಕ್ಕಿದ್ದೆವು.

ನಿವೃತ್ತ ಮೇಷ್ಟ್ರು · ಬುಧವಾರ ಬೆಳಿಗ್ಗೆ 5:55

ಹುಬ್ಬಳ್ಳಿಯವರು ಇದು ಕ್ರೀಡೆಯೇ ಎಂದು ಕೇಳಿದ್ದಾರೆ. ಜನರೇಟರ್ ಇಂಜಿನ್ ಎಂದು ನಕ್ಕಿದ್ದಾರೆ. ಈ ಆಟ ಹುಟ್ಟಿದ್ದೇ ಹಾಗೆ. 1956ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬುವನು, ಕರ್ಟಿಸ್ ಕ್ರಾಫ್ಟ್ ಎಂಬ ರೇಸ್ ಕಾರು ತಯಾರಕರಲ್ಲಿ ಕೆಲಸಕ್ಕಿದ್ದವನು, ಗೆಳೆಯ ಲೂ ಬೊರೆಲ್ಲಿಯ ಜೊತೆ ಸೇರಿ ಕೊಳವೆಗಳನ್ನು ಬೆಸೆದು, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಮಾಡಿದ್ದ ಪುಟ್ಟ ವೆಸ್ಟ್ ಬೆಂಡ್ ಇಂಜಿನ್ ಕೂರಿಸಿ ಮೊದಲ ಕಾರ್ಟ್ ಮಾಡಿದ. ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಓಡಿಸಿದರು. ಫಾರ್ಮುಲಾ ಒನ್ ಚಾಂಪಿಯನ್ ಅಯರ್ಟನ್ ಸೆನ್ನಾನಿಂದ ಹಿಡಿದು ನಮ್ಮ ಬೆಂಗಳೂರಿನ ರೇಸ್ ಚಾಲಕರಾದ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರವರೆಗೆ ಎಲ್ಲರೂ ಹತ್ತಿದ ಮೊದಲ ಮೆಟ್ಟಿಲು ಕಾರ್ಟ್.

ಇನ್ನು ಮೊದಲ ಹತ್ತು ನಿಮಿಷದ ಆತುರದ ಬಗ್ಗೆ. 1969ರಲ್ಲಿ ಫ್ರಾನ್ಸ್‌ನ ಲೆ ಮಾನ್ 24 ಗಂಟೆಯ ರೇಸ್‌ನಲ್ಲಿ ಆಗಿನ ಪದ್ಧತಿಯಂತೆ ಚಾಲಕರು ರಸ್ತೆಯ ಒಂದು ಬದಿಯಿಂದ ಓಡಿ ಹೋಗಿ ಕಾರು ಹತ್ತಬೇಕಿತ್ತು. ಬೆಲ್ಟ್ ಕಟ್ಟಿಕೊಳ್ಳದೆ ಹೊರಡುವ ಈ ಓಟ ಅಪಾಯಕಾರಿ ಎಂದು ಪ್ರತಿಭಟಿಸಲು ಬೆಲ್ಜಿಯಂನ ಚಾಲಕ ಜಾಕಿ ಇಕ್ಸ್ ನಡೆದುಕೊಂಡು ಹೋದ, ನಿಧಾನವಾಗಿ ಬೆಲ್ಟ್ ಬಿಗಿದ, ಎಲ್ಲರಿಗಿಂತ ಕೊನೆಗೆ ಹೊರಟ. 24 ಗಂಟೆಯ ನಂತರ ಸುಮಾರು 120 ಮೀಟರ್ ಅಂತರದಲ್ಲಿ ಅವನೂ ಅವನ ಜೊತೆ ಚಾಲಕ ಜಾಕಿ ಆಲಿವರ್ ಕೂಡ ಗೆದ್ದರು. ಅದೇ ರೇಸ್‌ನ ಮೊದಲ ಸುತ್ತಿನಲ್ಲಿ ಜಾನ್ ವುಲ್ಫ್ ಎಂಬ ಹವ್ಯಾಸಿ ಚಾಲಕ ಅಪಘಾತದಲ್ಲಿ ಸತ್ತ. ನಾನು ಶಾಲೆಯಲ್ಲಿ ಗಣಿತ ಕಲಿಸುವಾಗ ಇದನ್ನು ಎಷ್ಟೋ ಬಾರಿ ಹೇಳಿದ್ದೇನೆ, ಮಕ್ಕಳು ಆಕಳಿಸಿದ್ದಾರೆ.

ಉಣಕಲ್ ಕೆರೆ · ಬುಧವಾರ ಬೆಳಿಗ್ಗೆ 8:20

ಮೇಷ್ಟ್ರೇ, ನಾನು ಆಕಳಿಸಲಿಲ್ಲ. ಗಾಣದ ಎತ್ತಿನ ಮಾತನ್ನು ಹಿಂತೆಗೆದುಕೊಂಡೆ.

ಈಗ ನನಗೂ ಒಮ್ಮೆ ಇಳಿಯಬೇಕು ಎನಿಸುತ್ತಿದೆ. ಮೊದಲ ಬಾರಿಗೆ ಬರುವವನು ಏನು ತರಬೇಕು, ಏನು ತರಬಾರದು? ತೂಕ 104.

ಸೀಸದ ಗಂಟು · ಬುಧವಾರ ಬೆಳಿಗ್ಗೆ 9:05

ಸೀಸ ತರಬೇಡಿ, ಅಷ್ಟಂತೂ ಖಚಿತ.

ಎಲ್ಲಕ್ಕಿಂತ ಮೊದಲು ಪಕ್ಕೆಲುಬಿನ ಕವಚ. ಹೊರಸುತ್ತು ಅವರ ಬದನೆಕಾಯಿ ಕಲೆ ನೆನಪಿರಲಿ. ದೇಹ ದಪ್ಪ ಇದ್ದವರಿಗೆ ಸೀಟು ಬಿಗಿ, ಸಣ್ಣಗಿದ್ದವರು ಸೀಟಿನೊಳಗೆ ಕಡಲೆಕಾಳಿನಂತೆ ಉರುಳುತ್ತಾರೆ, ಎರಡೂ ಕಡೆ ಪೆಟ್ಟು ಬೀಳುವುದು ಪಕ್ಕೆಗೇ. ಕೈಗವಸು ಬೇಕು, ಇಲ್ಲದಿದ್ದರೆ ಎರಡನೇ ಸರದಿಗೆ ಅಂಗೈಯಲ್ಲಿ ಬೊಬ್ಬೆ. ಬೂಟಿನ ಅಟ್ಟೆ ತೆಳ್ಳಗಿರಲಿ. ವಾಕಿಂಗ್‌ಗೆ ಹೋಗುವ ದಪ್ಪ ಅಟ್ಟೆಯ ಬೂಟಿನಲ್ಲಿ ಬ್ರೇಕ್ ಎಷ್ಟು ಒತ್ತಿದ್ದೀರಿ ಎಂಬುದೇ ಕಾಲಿಗೆ ತಿಳಿಯುವುದಿಲ್ಲ. ಬಾಡಿಗೆ ಕಾರ್ಟ್‌ನ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಅಚ್ಚಿಗೆ ಮಾತ್ರ, ಗಟ್ಟಿಯಾಗಿ ತುಳಿದರೆ ಹಿಂಭಾಗ ಮುಂದಕ್ಕೆ ಬರುತ್ತದೆ. ಉದ್ದ ಕೂದಲು, ಶಾಲು, ಸಡಿಲ ದುಪಟ್ಟಾ ಯಾವುದೂ ಹೊರಗೆ ಇರಕೂಡದು. ಅಚ್ಚು ಬೆನ್ನ ಹಿಂದೆಯೇ ತಿರುಗುತ್ತಿರುತ್ತದೆ. ಇದರಲ್ಲಿ ತಮಾಷೆ ಇಲ್ಲ.

ಬೆಳಿಗ್ಗೆ ಮಸಾಲೆ ದೋಸೆ ತಿಂದು ಬರಬೇಡಿ. ನಮ್ಮ ತಂಡದ ಒಬ್ಬರು ತಿಂದು ಬಂದಿದ್ದರು, ಹೆಲ್ಮೆಟ್ ಒಳಗೆ ಎರಡು ಬಾರಿ ಅದರ ಪರಿಚಯವಾಯಿತಂತೆ. ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು ಸಾಕು.

ಓಡಿಸುವುದರಲ್ಲಿ ನಾನು ತಡವಾಗಿ ಕಲಿತದ್ದು ಒಂದಿದೆ. ನಿಮ್ಮಷ್ಟೇ ವೇಗದವರು ಹಿಂದೆ ಬಂದರೆ ಜಗಳವಾಡಬೇಡಿ. ಇಬ್ಬರೂ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬಂದರೆ ಸುತ್ತಿಗೆ ಒಂದು ಸೆಕೆಂಡ್ ಹೋಗುತ್ತದೆ, ಮುಂದಿನವರು ದೂರವಾಗುತ್ತಾರೆ. ಸಾಲಾಗಿ ಒಬ್ಬರ ಬೆನ್ನಿಗೆ ಒಬ್ಬರು ಹೋದರೆ ಹಿಂದಿನವರಿಗೆ ಗಾಳಿಯ ತಡೆ ಕಡಿಮೆ. ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ಗೆಳೆತನ ಮರೆಯಬಹುದು. ನೀಲಿ ಬಾವುಟ ತೋರಿಸಿದರೆ ಹಿಂದಿನವರು ನಿಮಗಿಂತ ಒಂದು ಸುತ್ತು ಮುಂದಿದ್ದಾರೆ ಎಂದರ್ಥ. ದಾರಿ ಬಿಡಿ, ಅವಮಾನವೇನಲ್ಲ. ಹಳದಿ ಬಾವುಟದಲ್ಲಿ ಯಾರನ್ನೂ ದಾಟಬಾರದು.

ಶಾರ್ಜಾದಿಂದ · ಬುಧವಾರ ಬೆಳಿಗ್ಗೆ 11:30

ಮಜ್ಜಿಗೆಯ ಜೊತೆ ಒಂದು ಕೈಗಡಿಯಾರವನ್ನೂ ಪಟ್ಟಿಗೆ ಸೇರಿಸಿ. ನಮ್ಮ ತಂಡದಲ್ಲಿ ಓಡಿಸುವವರು ಯಾರೂ ಗಡಿಯಾರ ಮುಟ್ಟಬಾರದು ಎಂಬ ನಿಯಮವಿತ್ತು. ಆಗ ತಾನೇ ಕಾರ್ಟ್‌ನಿಂದ ಇಳಿದವನ ತಲೆಯಲ್ಲಿ ಇಂಜಿನ್ ಇನ್ನೂ ಓಡುತ್ತಿರುತ್ತದೆ. ಮುಂದೆ ಹತ್ತಬೇಕಾದವನಿಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಇಬ್ಬರಿಗೂ ಲೆಕ್ಕ ಬರುವುದಿಲ್ಲ. ನಮ್ಮ ಗಡಿಯಾರ ಇದ್ದದ್ದು ಒಬ್ಬ ಫಿಲಿಪ್ಪೀನ್ಸ್ ಗೆಳೆಯನ ಹೆಂಡತಿಯ ಬಳಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿರುವುದು ಅವರಿಗೆ ದಿನನಿತ್ಯದ ಕೆಲಸ.

ಹಸಿರು ಬಾವುಟ ಬಿದ್ದ ಮೇಲೆಯೇ ಅವರು ಗುಂಡಿ ಒತ್ತುತ್ತಿದ್ದದ್ದು. ಮೂರು ನಿಮಿಷಕ್ಕೊಮ್ಮೆ ಟ್ರ್ಯಾಕ್‌ನ ಪರದೆ ನೋಡಿ ಹೊಂದಿಸುತ್ತಿದ್ದರು. ನಿಮ್ಮಲ್ಲಿಯೂ ಪರದೆ ಇತ್ತೇ?

ಹೊರಸುತ್ತು · ಬುಧವಾರ ಮಧ್ಯಾಹ್ನ 12:10

ಇತ್ತು. ಪಿಟ್ ಗೋಡೆಯ ಮೇಲೆಯೇ, ಹಾಸಿಗೆಯಷ್ಟು ದೊಡ್ಡದು. ಕೊನೆಯ ಕಾಲಂನಲ್ಲಿ ಪ್ರತಿ ತಂಡದ ನಿಲುಗಡೆಯ ಸಂಖ್ಯೆಯೂ ಇತ್ತು. ನಾಲ್ಕು ಗಂಟೆ ಅದರ ಮುಂದೆಯೇ ನಿಂತಿದ್ದೆ. ನೋಡಿದ್ದು ಸುತ್ತಿನ ಸಮಯದ ಕಾಲಂ ಒಂದನ್ನೇ.

ಸೀಸದ ಗಂಟು ಮೇಡಂ, 14ರ ವಿಷಯದಲ್ಲಿ ನಿಮ್ಮ ಮಾತನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಇರಲಿ. ಪಟ್ಟಿ ನೋಡಿದೆ. 62.1 ನಿಜ. ಇನ್ನೂ ಒಂದು ಕಂಡೆ: ಒಳಗೆ ಬರುವ ಮೊದಲಿನ ಎರಡು ಸುತ್ತುಗಳಲ್ಲಿ ನಮ್ಮ ಡಾಕ್ಟರ್ 14ರಲ್ಲಿಯೇ 62.9 ಮಾಡಿದ್ದಾನೆ. ಕಾರ್ಟ್ ಆಗಷ್ಟೇ ಬಿಸಿಯೇರುತ್ತಿತ್ತು. ನಾನು ಹಲಗೆ ತೋರಿಸುತ್ತಿದ್ದೆ.

ಬಲಹಲ್ಲು · ಬುಧವಾರ ಮಧ್ಯಾಹ್ನ 2:40

ಅದನ್ನು ನಾನು ಹೇಳಬೇಕೆಂದಿದ್ದೆ, ನೀನೇ ಹೇಳಿದೆ, ಒಳ್ಳೆಯದಾಯಿತು.

ಮುಂದಿನ ರೇಸ್‌ಗೆ ಹೆಸರು ಕೊಟ್ಟಾಗಿದೆ. ನಾಲ್ಕನೆಯವನಿಗೆ ಮಗಳ ಪರೀಕ್ಷೆಯಂತೆ, ಬರುವುದಿಲ್ಲ. ಉಣಕಲ್ ಕೆರೆಯವರು ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ನಾನೇ ಯಶವಂತಪುರಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ. ತೂಕದ ಚಿಂತೆ ಬೇಡ, ತಂಡದಲ್ಲಿ ಈಗಾಗಲೇ ಒಬ್ಬನಿದ್ದಾನೆ.

ಗಡಿಯಾರ ನನ್ನ ತಾಯಿಯ ಬಳಿ. 71 ವರ್ಷ, ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೌಂಟರ್‌ನಲ್ಲಿ ಕುಳಿತವರು. ನಿನ್ನೆ ಅವರಿಗೆ ನಿಯಮ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುಚ್ಚಿದೆ ಎಂದು ಬೋರ್ಡ್ ಹಾಕಿದ ಮೇಲೂ ಒಳಗೆ ಬಂದೆಯಾ?"

ಉಣಕಲ್ ಕೆರೆ · ಬುಧವಾರ ಮಧ್ಯಾಹ್ನ 3:02

ಟಿಕೆಟ್ ಕಾಯ್ದಿರಿಸಿದ್ದೇನೆ. ಅಮ್ಮನವರಿಗೆ ಧಾರವಾಡ ಪೇಡೆ ತರುತ್ತೇನೆ. ಪಕ್ಕೆಯ ಕವಚ ಎಲ್ಲಿ ಸಿಗುತ್ತದೆ, 104 ಕಿಲೋದವರಿಗೆ ಅಳತೆ ಇರುತ್ತದೆಯೇ?

ಸೀಸದ ಗಂಟು · ಬುಧವಾರ ಮಧ್ಯಾಹ್ನ 3:15

ಇರುತ್ತದೆ. ಎದೆಯ ಸುತ್ತಳತೆ ತೆಗೆದು ಬರೆಯಿರಿ, ಉಸಿರು ಬಿಟ್ಟು ತೆಗೆಯಿರಿ.